ಹೆಬ್ಬಾತಿನ ಶೋಕಗೀತೆ

"ಕೈ ಹಿಡಿಯೋರಿಲ್ಲದೆ ನಾನು ಹಾಡಲ್ಲ. ಗುಂಡಿ ಒತ್ತಿದ ತಕ್ಷಣ ಹಾಡೋಕೆ ನಾನೇನು ರೇಡಿಯೋನಾ?" ಎಂದು ಬಾರ್ಬ್ರಾ ಮುದುಕಿ ಕುರ್ಚಿಯಲ್ಲಿ ಬಿಗಿದುಕೊಂಡು ಕೂತಳು.

ಡಬ್ಲಿನ್‌ನಿಂದ ಕ್ಯಾಮೆರಾ ಹೊತ್ತು ಬಂದಿದ್ದ ಫೀಕ್ರಾ ಗಡಿಯಾರ ನೋಡಿ ಬೆವರಿದ. ಇನ್ನು ಹತ್ತೇ ನಿಮಿಷ. ಕಾನಮಾರಾ ಸೀಮೆಯ ಈ ಹಳ್ಳಿ ಅಡುಗೆಮನೆಯಿಂದ ಒಂಬತ್ತು ದೇಶಗಳ ಗಾಯನ ತಂಡಗಳಿಗೆ ನೇರ ಪ್ರಸಾರ; ಅವರನ್ನು ತೋರಿಸಲು ಗೋಡೆಗೊಂದು ತೆರೆ. ಹಾಡುವವರ ಪಕ್ಕ ಕೂತು, ಅವರ ಕೈ ಹಿಡಿದು, ಹಾಡಿನ ಲಯಕ್ಕೆ ಮೆಲ್ಲಗೆ ತಿರುಗಿಸುವುದು ಅಲ್ಲಿಯ ಪದ್ಧತಿ. ಫೀಕ್ರಾ ತಾನೇ ಅವಳ ಕೈ ಹಿಡಿದು ತಿರುಗಿಸಿ ನೋಡಿದ. "ಬಿಡಪ್ಪಾ, ಮಜ್ಜಿಗೆ ಕಡೀತಿದ್ದೀಯ!" ಎಂದು ಮುದುಕಿ ಕೈ ಕೊಡವಿದಳು.

ಆ ಕೆಲಸ ಬಲ್ಲವನು ಊರಲ್ಲಿ ಉಳಿದಿದ್ದದ್ದು ಒಬ್ಬನೇ, ಪಕ್ಕದ ಮನೆಯ ಕೋಲ್ಮನ್. ಅವನೊಡನೆ ಅವಳು ಮಾತು ಬಿಟ್ಟು ಹನ್ನೊಂದು ವರ್ಷ. ಅವಳ ಹೆಬ್ಬಾತನ್ನು ಕದ್ದು ತಿಂದವನು ಅವನೇ. ಆದರೆ ಪಾದ್ರಿ ಕೇಳಿದಾಗಲೂ ಒಪ್ಪಿರಲಿಲ್ಲ. ಸಾಯುವುದರೊಳಗೆ ಅವನ ಬಾಯಿಂದ 'ಹೌದು' ಅನ್ನಿಸಬೇಕು ಎಂಬುದೊಂದೇ ಅವಳ ಆಸೆ. ಜಗತ್ತು ತನ್ನ ಹಾಡು ಕೇಳಿದರೆಷ್ಟು, ಬಿಟ್ಟರೆಷ್ಟು!

ಫೀಕ್ರಾ ಓಡಿಹೋಗಿ ಅವನನ್ನು ಎಳೆದುಕೊಂಡೇ ಬಂದ.

"ಹಾಡಿಗೋಸ್ಕರ ಬಂದೆ, ನಿನಗೋಸ್ಕರ ಅಲ್ಲ," ಎಂದು ಕೋಲ್ಮನ್ ಟೋಪಿ ತೆಗೆದಿಟ್ಟ.

"ಕೈ ತೊಳ್ಕೊಂಡಿದ್ದೀಯಾ? ಹೆಬ್ಬಾತಿನ ಜಿಡ್ಡು ಇನ್ನೂ ಇರಬಹುದು."

"ನಿನ್ನ ಹೆಬ್ಬಾತನ್ನ ನಾನು ಕಣ್ಣಲ್ಲೂ ಕಂಡಿಲ್ಲ ಮಾರಾಯ್ತಿ!"

"ಅಜ್ಜಿ, ತಾತ, ದಮ್ಮಯ್ಯ! ಶುರುವಾಯ್ತು!" ಎಂದ ಫೀಕ್ರಾ.

ಮುಳುಗಿದ ದೋಣಿಯ ಹಾಡೆಂದು ಮಾತಾಗಿತ್ತು. ಬಾರ್ಬ್ರಾ ಕಣ್ಣು ಮುಚ್ಚಿದಳು. ಹಾಡಿನ ನಡುವೆ ಹಾಡುವವರ ಕೈ ಬಿಟ್ಟವನನ್ನು ಆ ಊರು ಮನುಷ್ಯನೆಂದೇ ಎಣಿಸುವುದಿಲ್ಲ. ಇಂಥ ಸಮಯ ಮತ್ತೆ ಬರುವುದುಂಟೇ? ದೋಣಿಯನ್ನು ದಡದಲ್ಲೇ ಬಿಟ್ಟು, ಅದೇ ಧಾಟಿಗೆ ತನ್ನದೇ ಐರಿಷ್ ಮಾತು ಜೋಡಿಸಿ ಎತ್ತಿಕೊಂಡಳು: "ಹಾಲಿನಂಥ ನನ್ನ ಹೆಬ್ಬಾತು, ಅಯ್ಯೋ, ಕೋಲ್ಮನ್ ಬೇಯಿಸಿ ತಿಂದ!" ಕೋಲ್ಮನ್ನನ ಕಿವಿ ಕೆಂಪಾಯಿತು. ಹಲ್ಲು ಕಚ್ಚಿಕೊಂಡು ಕೈ ತಿರುಗಿಸುತ್ತಲೇ ಇದ್ದ. ಐದು ನುಡಿ ಹಾಡಿದಳು, ಐದಕ್ಕೂ ಅದೇ ಪಲ್ಲವಿ. ಶಾಲೆಯಲ್ಲಿ ಹದಿಮೂರು ವರ್ಷ ಐರಿಷ್ ಕಲಿತಿದ್ದ ಫೀಕ್ರಾಗೆ ಒಂದಕ್ಷರವೂ ಅರ್ಥವಾಗಲಿಲ್ಲ; ಅವನು ದೋಣಿಯಲ್ಲಿ ಹೋದವರನ್ನು ನೆನೆದು ಕಣ್ಣೊರೆಸಿಕೊಂಡ.

ಹಾಡು ಮುಗಿಯುತ್ತಲೇ ಗೋಡೆಯ ಮೇಲಿನ ತೆರೆಯಲ್ಲಿ ಒಸಾಕಾದ ಗಾಯಕರು ಕಾಣಿಸಿಕೊಂಡರು. ನಲವತ್ತು ಮಂದಿ, ಅತ್ತು ಅತ್ತು ಎಲ್ಲರ ಮೂಗೂ ಕೆಂಪು. ಅರ್ಥ ತಿಳಿಯದಿದ್ದರೂ ಪಲ್ಲವಿ ಬಾಯಿಗೆ ಹತ್ತಿಬಿಟ್ಟಿತ್ತು. ಒಬ್ಬರ ಕೈ ಒಬ್ಬರು ಹಿಡಿದು ತಿರುಗಿಸುತ್ತ, ಸಾವಿನ ಮನೆಯಲ್ಲಿ ಕೂತವರಂತೆ ತಲೆಬಾಗಿ, ಒಕ್ಕೊರಲಿನಿಂದ ಹಾಡಿದರು: "ಅಯ್ಯೋ, ಕೋಲ್ಮನ್ ಬೇಯಿಸಿ ತಿಂದ!" ಹಿಂದೆಯೇ ಬ್ರೆಜಿಲ್‌ನವರೂ ದನಿಗೂಡಿಸಿದರು.

ಮೂರನೆಯ ಸಲಕ್ಕೆ ಕೋಲ್ಮನ್ನನಿಗೆ ತಡೆಯಲಾಗಲಿಲ್ಲ. ಎದ್ದುಹೋಗಿ, ಕ್ಯಾಮೆರಾಕ್ಕೆ ಮೂಗು ತಾಗಿಸಿ ಕಿರುಚಿದ:

"ರೀ, ಸುಳ್ಳು ಹಾಡ್ಬೇಡ್ರೀ! ಬೇಯಿಸಿದ್ದಲ್ಲ, ಆಲೂಗಡ್ಡೆ ಹಾಕಿ ಹುರಿದಿದ್ದು!"