ತೆರಿಗೆ ಕಳೆದು ಉಳಿದ ಸಂಜೆ

ಗದಗಿನ ಆ ಹತ್ತಿ ಮಿಲ್ಲಿನಲ್ಲಿ ಓವರ್‌ಟೈಮಿಗೆ ದುಡ್ಡು ಕೊಡುವುದು ನಿಂತು ವರ್ಷಗಳಾಗಿದ್ದವು. ಈಗ ಎಲ್ಲ ಕಡೆಯಂತೆ ಅಲ್ಲೂ ಕೊಡುವುದು ಹಳೆಯ ಹೊತ್ತು. ತಾವು ಬದುಕಿದ ಯಾವುದೇ ದಿನಕ್ಕೆ ಹೋಗಿ ಗಳಿಸಿದಷ್ಟು ಹೊತ್ತು ಇದ್ದು ಬರಬಹುದು. ತೆರಿಗೆಯನ್ನು ಮಾತ್ರ ಯಾವಾಗಲೂ ಆ ಹೊತ್ತಿನ ಕೊನೆಯಿಂದಲೇ ಮುರಿದುಕೊಳ್ಳುತ್ತಿದ್ದರು.

ಶಂಕ್ರವ್ವ ಪ್ರತಿ ತಿಂಗಳೂ ಕೇಳುತ್ತಿದ್ದುದು ಒಂದೇ ಸಂಜೆ. ಚಿಕ್ಕವಳಾಗಿ ಮನೆಯ ಕಟ್ಟೆಯ ಮೇಲೆ ಕೂತು, ಇದೇ ಮಿಲ್ಲಿನಲ್ಲಿ ಓವರ್‌ಟೈಮ್ ಮುಗಿಸಿ ಬರುವ ಅಪ್ಪನಿಗೆ ಕಾಯುವುದು. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು. ತಿಂಗಳಿಗೆ ಸಿಗುವ ಇಪ್ಪತ್ತು ನಿಮಿಷದಲ್ಲಿ ತೆರಿಗೆಗೆ ಆರು ಹೋಗಿ ಹದಿನಾಲ್ಕು ಉಳಿಯುತ್ತಿತ್ತು. ತಿರುವಿನಲ್ಲಿ ಅಪ್ಪನ ಸೈಕಲ್ ಬೆಲ್ ಕೇಳಿಸುತ್ತಿದ್ದಂತೆ ಎಲ್ಲ ಮುಗಿದುಹೋಗುತ್ತಿತ್ತು.

"ಕಾಯೂದು ಬಿಟ್ಟು ಬೆಲ್ಲಿನಿಂದನ ಸುರು ಮಾಡ್ಕೋ ಶಂಕ್ರವ್ವ," ಎಂದ ಕ್ಯಾಶಿಯರ್ ಹುಲಕೋಟಿ. "ಅಪ್ಪನ ಮುಖಾನರ ಕಾಣತೈತಿ."

"ಕಾಯದನ ಅಪ್ಪ ಬಂದ್ರ ಅದು ಬಂದಂಗೇನ್ರೀ? ಇವತ್ತ ಇನ್ನೊಂದು ತಾಸು ದುಡೀತೀನಿ. ತೆರಿಗಿ ಹೋಗಿ ಎಷ್ಟ ಕೂಡತೈತಿ?"

"ಮೂರೂವರಿ ನಿಮಿಷ."

ಅಪ್ಪ ಸೈಕಲ್ಲಿನಿಂದ ಇಳಿದು ಚುರಮರಿ ಪೊಟ್ಟಣ ಕೈಗಿಡಲು ಅಷ್ಟು ಸಾಕು. ಶಂಕ್ರವ್ವ ಮತ್ತೆ ಮಿಲ್ಲಿನೊಳಗೆ ಹೊರಟಳು. ಅಷ್ಟರಲ್ಲಿ ಫೋನ್ ಬಂತು. ಮಗಳು.

"ಯವ್ವಾ, ಯಾವಾಗ ಬರ್ತಿ? ನಾ ಕಟ್ಟಿ ಮ್ಯಾಲ ಕುಂತೀನಿ."

ಶಂಕ್ರವ್ವ ಹುಲಕೋಟಿಯ ಕಡೆ ತಿರುಗಿದಳು. "ಇವತ್ತ ಬ್ಯಾಡ್ರೀ ಸಾಹೇಬ್ರ," ಎಂದು ಹೇಳಿ ತನ್ನ ಸೈಕಲ್ ತೆಗೆದಳು. ದಾರಿಯಲ್ಲಿ ಚುರಮರಿ ಕಟ್ಟಿಸಿಕೊಂಡಳು. ಮನೆಯ ತಿರುವಿನಲ್ಲಿ ಬೆಲ್ ಬಾರಿಸಿದಳು.

ಮಗಳು ಕಟ್ಟೆಯಿಂದ ಜಿಗಿದು ಓಡಿಬಂದಳು. ಬೆಲ್ ಆದಮೇಲೂ ಸಂಜೆ ಮುಗಿಯಲಿಲ್ಲ.