ಬಸಕ್ಕನ ಧಾಟಿ

ವೇದಿಕೆಯ ಹಿಂದಿನ ಕತ್ತಲ ಓಣಿಯಲ್ಲಿ ಸುವರ್ಣಾ ಮನೆಗೆಲಸದ ಬಸಕ್ಕನ ಶಾಲು ಹೊದ್ದು ನಿಂತಿದ್ದಳು. ಬೆವರು, ಒಗ್ಗರಣೆಯ ನಾತ. ಮೂಗು ಮುಚ್ಚಿಕೊಂಡಳು. ಆದರೂ ಕದಲಲಿಲ್ಲ. ಗಂಡ ಬಸವಕುಮಾರ ಇವತ್ತು ಸಿಕ್ಕಿಬೀಳಲೇಬೇಕು.

ಮೊನ್ನೆ ಗಲ್ಫಿನ ಹಮ್ರಿಯಾ ಬಡಾವಣೆಯ ತಮ್ಮ ಮನೆಯಲ್ಲಿ ಅವನು ಬಸಕ್ಕನ ಮುಂಗೈ ಹಿಡಿದು ಕೂತಿದ್ದ. ಇವಳನ್ನು ಕಂಡೊಡನೆ ಇಬ್ಬರೂ ಬೆಚ್ಚಿ ಸರಿದರು. ಬಸಕ್ಕ ರವಿಕೆಯ ತುಂಬುತೋಳನ್ನು ಬೆರಳ ತನಕ ಎಳೆದುಕೊಂಡಳು.

"ಏನ್ ನಡದೈತ್ರಿ ಇಲ್ಲೆ?"

"ಏನಿಲ್ಲ. ನೀ ಹೋಗು."

ಆಮೇಲೆ ಬಾಗಿಲ ಸಂದಿಯಿಂದ ಅವನ ಪಿಸುಮಾತು ಕೇಳಿಸಿತು: "ಶುಕ್ರವಾರ, ನಾಟಕದ ಹೊತ್ತಿಗೆ, ಹಿಂದಿನ ಓಣಿಗೆ ಬಾ." ಥೂ! ರೇಷ್ಮೆ ಸೀರೆ ಸುಟ್ಟಿದ್ದಕ್ಕೆ ತಕ್ಕ ಬುದ್ಧಿ ಕಲಿಸಿ ವಾರವಾಗಿರಲಿಲ್ಲ. ಆಗಲೇ ಯಜಮಾನನ ಕೈ ಬೇಕಾಯಿತೆ ಅವಳಿಗೆ? ಅಂದಿನಿಂದ ಗಂಡ ಉಂಡ ತಟ್ಟೆ ಮುಟ್ಟಲೂ ಸುವರ್ಣಾಳಿಗೆ ಹೇಸಿಗೆ.

ಉಪಾಯವನ್ನು ನಾಟಕವೇ ಕೊಟ್ಟಿತು. ಪಕ್ಕದ ರೂವಿ ಬಡಾವಣೆಯ ಕನ್ನಡ ಕೂಟದವರು ಯುರೋಪಿನ ಇನ್ನೂರು ವರ್ಷ ಹಳೆಯ ಹಾಸ್ಯ ಸಂಗೀತ ನಾಟಕವೊಂದನ್ನು ಕನ್ನಡಕ್ಕೆ ಒಗ್ಗಿಸಿದ್ದರು. ಒಡತಿ ಕೆಲಸದವಳ ವೇಷ ಹಾಕಿ ಲಂಪಟ ಗಂಡನನ್ನು ಹಿಡಿಯುವ ಕಥೆ. ಒಡತಿಯ ಪಾತ್ರ ಸುವರ್ಣಾಳದೇ.

ಹಾಡು ಕಲಿಸಿದ ಫೌಸ್ಟಿನ್ ಮಾಸ್ತರು ಮಂಗಳೂರಿನವರು. ತಾಲೀಮಿನಲ್ಲಿ ಚುಚ್ಚುತ್ತಿದ್ದರು: "ವೇಷ ಬದಲಿಸಿದ್ರೆ ಆಯ್ತಾ ಮಾರಾಯ್ರೆ? ಒಡತಿಯ ಹಾಡು ನಿಧಾನ, ಎಳೆದೆಳೆದು. ಕೆಲಸದವಳದ್ದು ಚುಟುಕು, ಕುಣಿಕುಣಿದು. ನೀವು ಯಾವ ಬಟ್ಟೆ ಹಾಕಿದ್ರೂ ಒಡತಿಯೇ!"

ಇವತ್ತು ಆ ತಪ್ಪು ಮಾಡಬಾರದು.

ವೇಷದ ಬಟ್ಟೆ ಹೊತ್ತು ಜೊತೆಗೆ ಬಂದಿದ್ದ ಬಸಕ್ಕನನ್ನು ಬಣ್ಣದ ಕೋಣೆಯಲ್ಲಿ ಕೂಡಿಹಾಕಿ ಚಿಲಕ ಜಡಿದು ಬಂದಿದ್ದಳು. ತನ್ನ ಪ್ರವೇಶ ಹತ್ತು ನಿಮಿಷ ಮುಂದೆ ಹೋದದ್ದು ಗಂಡನಿಗೆ ಗೊತ್ತಿಲ್ಲ. ಹೆಂಡತಿ ವೇದಿಕೆಯ ಮೇಲಿದ್ದಾಳೆಂದೇ ಅವನ ಲೆಕ್ಕ.

ಹೆಜ್ಜೆ ಸಪ್ಪಳ. ಓಣಿಯ ತುದಿಯಲ್ಲಿ ಬಂದು ಅನುಮಾನಿಸಿ ನಿಂತಿತು.

ಪಾತ್ರೆ ತಿಕ್ಕುವಾಗ ಬಸಕ್ಕ ಗುನುಗುವ ಕೋಲಾಟದ ಧಾಟಿ ಸುವರ್ಣಾಳಿಗೆ ಬಾಯಿಪಾಠ. ಗೋಡೆಗೆ ಮುಖಮಾಡಿ ಅದನ್ನೇ ಗುನುಗಿದಳು. ಚುಟುಕಾಗಿ, ಕುಣಿಕುಣಿದು.

ಹೆಜ್ಜೆ ನೇರ ಅವಳತ್ತ ಬಂತು. ಬೆವೆತ ಕೈಯೊಂದು ಅವಳ ಕೈ ಹುಡುಕಿತು. ಮೈಮೇಲೆ ಹುಳು ಹರಿದಂತಾಯಿತು. ಬೊಬ್ಬೆ ಹೊಡೆದು ಕೂಟದವರನ್ನೆಲ್ಲ ಸೇರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅವಳ ಅಂಗೈಯಲ್ಲಿ ದಪ್ಪನೆಯ ಲಕೋಟೆಯೊಂದನ್ನು ತುರುಕಿದ.

"ಪಾಸ್‌ಪೋರ್ಟು, ಟಿಕೀಟು ಎರಡೂ ಇದರಾಗ ಅದಾವ ತಂಗಿ. ಹೊರಗ ಟ್ಯಾಕ್ಸಿ ನಿಂತೈತಿ, ಆಕಿ ಸ್ಟೇಜ್ ಇಳಿಯೂದ್ರೊಳಗ ಹೋಗಿಬಿಡು. ಇನ್ನೊಮ್ಮಿ ಆಕಿ ಇಸ್ತ್ರಿಪೆಟ್ಟಿಗಿ ಇಟ್ಟರ ನಿನ್ನ ಕೈ ಉಳಿಯಾಂಗಿಲ್ಲ."