ಮಾರಿದ ಹೊಲಕ್ಕೆ ಬಯಕೆ ಬುಟ್ಟಿ

ಬೆಳಿಗ್ಗೆ ಐದಕ್ಕೇ ಎದ್ದು ಸಜ್ಜೆ ರೊಟ್ಟಿ ತಟ್ಟುತ್ತಿದ್ದ ಸುವರ್ಣಾಳಿಗೆ ತಲೆ ಕೆಟ್ಟುಹೋಗಿತ್ತು...

ಹೋಳಿಗೆ ಆಯಿತು. ಕಡುಬು ಆಯಿತು. ಪುಂಡಿಪಲ್ಯ ಆಯಿತು. ಇಷ್ಟೆಲ್ಲ ಯಾರಿಗೆ? ಮಣ್ಣಿಗೆ.

ಅಂದು ಶೀಗಿ ಹುಣ್ಣಿಮೆ. ಪೈರು ತುಂಬಿದ ಭೂಮಿಯನ್ನು ಬಸುರಿ ಎಂದು ಬಗೆದು, ಬಯಕೆಯ ಅಡುಗೆ ಮಾಡಿ, ಅದನ್ನೇ ಚರಗವೆಂದು ಹೊಲದ ತುಂಬ ಚೆಲ್ಲುವ ದಿನ.

ಆದರೆ ಸುವರ್ಣಾಳ ತವರಿಗೆ ಹೊಲವೇ ಇಲ್ಲ... ಅಪ್ಪನ ಕಾಯಿಲೆಗೆಂದು ಮಾರಿ ಹನ್ನೆರಡು ವರ್ಷವಾಗಿತ್ತು.

ಮಗಳ ಜೊತೆಗಿದ್ದ ತಾಯಿ ಗುರುಸಿದ್ಧವ್ವ ಮಾತ್ರ ಪ್ರತಿ ವರ್ಷ ಲಿಂಗಪೂಜೆ ಮುಗಿಸಿ, ಬುಟ್ಟಿ ಹೊತ್ತು, ಅದೇ ಹೊಲಕ್ಕೆ ಹೊರಡುತ್ತಿದ್ದಳು.

ಮೂರು ತಿಂಗಳ ಹಿಂದೆ ತೀರಿಕೊಳ್ಳುವಾಗಲೂ ಹೇಳಿದ್ದು ಅದನ್ನೇ. "ಹುಣ್ಣಿಮಿ ಬುಟ್ಟಿ ತಪ್ಪಿಸಬ್ಯಾಡ..."

ಸುವರ್ಣಾ ತಮ್ಮನಿಗೆ ಫೋನ್ ಹಚ್ಚಿದಳು. "ನೀನ ಬಂದು ಚೆಲ್ಲಪಾ ಈ ವರ್ಷ."

"ನನಗ ರಜಾ ಇಲ್ಲಕ್ಕಾ. ರೊಟ್ಟಿಗೆ ಎಳ್ಳು ಹಚ್ಚೂದು ಮರೀಬ್ಯಾಡ. ಬದನಿಕಾಯಿ ಎಣ್ಣೆಗಾಯಿನೂ ಇರಲಿ."

"ರಜಾ ಇಲ್ಲ, ಮೆನು ಮಾತ್ರ ಐತಿ," ಎಂದು ಫೋನ್ ಇಟ್ಟಳು.

ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ, ಬುಟ್ಟಿ ಹಿಡಿದು ಆಟೋ ಹತ್ತಿದಳು. ಇವತ್ತೇ ಕೊನೆ... ಹೊಲದವರಿಗೆ ಹೇಳಿ ಈ ಹುಚ್ಚು ಮುಗಿಸಿಬಿಡಬೇಕು ಎಂದು ನಿರ್ಧರಿಸಿಯೇ ಹೊರಟಿದ್ದಳು.

ಬದುವಿನ ಮೇಲೆ ಹೊಲದ ಈಗಿನ ಒಡತಿ ಯಂಕವ್ವ ಮನೆಮಂದಿಯೊಂದಿಗೆ ಕೂತಿದ್ದಳು. ಅವರು ತಂದ ಅಡುಗೆ ಇನ್ನೂ ಮುಚ್ಚಿಯೇ ಇತ್ತು.

"ಎಷ್ಟೊತ್ತ ಮಾಡಿದೆವ್ವಾ? ನಮ್ಮ ಮನಿಯವರು ಹಸದು ನನ್ನ ತಿನ್ನಾಕ ಹತ್ಯಾರ."

"ನನ್ನ ಯಾಕ ಕಾಯ್ತೀರಿ? ಹೊಲ ನಿಮ್ಮದು, ಚೆಲ್ಲಿ ಉಣ್ಣಬೇಕಿಲ್ಲೋ?" ಸುವರ್ಣಾ ಸಿಡುಕಿದಳು.

"ತವರಿನ ಬುಟ್ಟಿ ಬರದ ಹೆಂಗ ಚೆಲ್ಲೂದು?"

"ಯಾರ ತವರು?"

ಯಂಕವ್ವ ನಕ್ಕಳು. "ಮೊದಲನೇ ವರ್ಷ ನಿಮ್ಮವ್ವ ಬಂದಾಗ ನಾನೂ ಬೈದೆ. ಮಾರಿದ ಮ್ಯಾಲೆ ಇಲ್ಲೇನು ಕೆಲಸ ಅಂದೆ. ಅದಕ್ಕ ಆಕಿ ಅಂದ್ಲು... 'ಹೊಲ ನಿಮ್ಮದವ್ವಾ. ಆದ್ರ ಈಕಿ ನಮ್ಮ ಮನಿ ಮಗಳು, ನಿಮ್ಮ ಮನಿಗೆ ಕೊಟ್ಟೀವಿ. ಕೊಟ್ಟ ಮಗಳು ಬಸುರಾದ್ರ ತವರಿನವರು ಬಯಕಿ ಬುಟ್ಟಿ ತರೂದು ಬಿಡ್ತಾರೇನು?'"

ಸುವರ್ಣಾ ಕೈಯಲ್ಲಿದ್ದ ಬುಟ್ಟಿಯನ್ನು ನೋಡಿದಳು.

ತಾನು ದೂರದ ಊರಲ್ಲಿ ಬಸುರಾದಾಗ ತಾಯಿ ಎರಡು ಬಸ್ಸು ಬದಲಿಸಿ ಬುಟ್ಟಿ ತಂದಿದ್ದಳು. ಅವತ್ತು ಅದು ಹುಚ್ಚು ಅನಿಸಿರಲಿಲ್ಲ...

"ಅವತ್ತಿನಿಂದ ಆಕಿ ಬುಟ್ಟಿ ಮೊದಲು, ನಮ್ಮದು ಆಮ್ಯಾಲೆ. ಆಕಿ ತೀರಿದ ಸುದ್ದಿ ಕೇಳಿದ್ವಿ. ಆದ್ರೂ ಯಾರರ ಬರ್ತೀರಿ ಅಂತ ಕೂತಿದ್ವಿ. ಹೋದ ವರ್ಷನೂ ಹೊತ್ತು ಮುಣುಗೂತನಕ ಕಾದ್ವಿ, ಬರಲೇ ಇಲ್ಲ. ಆರಾಮಿರಲಿಲ್ಲೇನು ಆಕಿಗೆ?"

ಹೋದ ವರ್ಷ... ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ಸುವರ್ಣಾಳೇ ತಡೆದಿದ್ದಳು.

"ಮಂದಿ ಹೊಲಕ್ಕ ಉಣಸಾಕ ಹೊಂಟಿ. ನಾಚಿಕಿ ಬರೂದಿಲ್ಲೇನು ನಿನಗ?"

ತಾಯಿ ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಮರುದಿನ ಹಳಸಿದ ಆ ಅಡುಗೆಯನ್ನು ಕಸದ ಗಾಡಿಗೆ ಸುರಿದದ್ದೂ ಸುವರ್ಣಾಳೇ...

"ಆರಾಮ ಇದ್ಲ್ರಿ," ಎಂದಳು. "ನಾನ ಬಿಡಲಿಲ್ಲ."

ಯಂಕವ್ವ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೊಲದ ಕಡೆ ಕೈ ಮಾಡಿದಳು.

"ಅಳೂದು ಆಮ್ಯಾಲಿಂದು. ನಿಮ್ಮ ಮನಿ ಮಗಳು ಹಸದಾಳ, ಮೊದಲು ಉಣಸು."

ಸುವರ್ಣಾ ಚಪ್ಪಲಿ ಕಳಚಿ ಗೋವಿನಜೋಳದ ಸಾಲಿಗೆ ಇಳಿದಳು. ಒಂದೊಂದು ಹಿಡಿ ಚೆಲ್ಲುತ್ತ, ಒಂದು ಸಾಲೂ ಬಿಡದೆ, ಹೊಲದ ಆ ತುದಿಯವರೆಗೆ ಹೋದಳು. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ...

ತಿರುಗಿ ಬಂದಾಗ ಯಂಕವ್ವ ಕೇಳಿದಳು. "ಮುಂದಿನ ವರ್ಷ ಯಾರು ಬರ್ತೀರಿ?"

"ನಾನ ಬರ್ತೀನ್ರಿ. ಹತ್ತರೊಳಗ ಬರ್ತೀನಿ... ನಿಮ್ಮನ್ನ ಕಾಯಸಂಗಿಲ್ಲ."

ನಮ್ಮ ಕೈಬಿಟ್ಟು ಹೋದದ್ದರ ಮೇಲೂ ಉಳಿಯುವ ಅಕ್ಕರೆಯೇ ತಾಯಿಯ ಅಕ್ಕರೆ.

ನಿಮ್ಮ ತಾಯಿಯ ಯಾವ ಕೆಲಸವನ್ನು ನೀವು ಇವತ್ತಿಗೂ ಹುಚ್ಚು ಅನ್ನುತ್ತಿದ್ದೀರಿ... ಯಾಕೆ ಮಾಡುತ್ತಾಳೆ ಎಂದು ಒಮ್ಮೆಯಾದರೂ ಕೇಳಿದ್ದೀರಾ?